ಹಸಿರು ವೈರು

ಮೊನ್ನೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಬಿಸಿಯಾಗಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಸೀರೆಯನ್ನು ಅಲ್ಲೇ ಬಿಟ್ಟು ಓಡಿಹೋಗಿ ಮೇನ್ ಸ್ವಿಚ್ಚು ಆರಿಸಿದೆ. ಆ ವಾಸನೆಯ ಹಿಂದೆಯೇ ವೈರಿಂಗ್ ಮಾಮ ನೆನಪಾದರು...

ಶಿಡ್ಲಘಟ್ಟದ ನಮ್ಮ ಬೀದಿಗೆಲ್ಲ ಅವರು ವೈರಿಂಗ್ ಮಾಮ. ಊರು ಸಾದಲಿ. ಆಯಸ್ಸಿನ ಬಹುಪಾಲನ್ನು ರೇಷ್ಮೆ ನೂಲು ತೆಗೆಯುವ ಕಡೆ ಮೋಟಾರು ರಿಪೇರಿ ಮಾಡುತ್ತಾ ಕಳೆದವರು. ಅಲ್ಲಿ ನೆಲವೂ ಒದ್ದೆ, ಕೈಯೂ ಒದ್ದೆ, ಸುತ್ತಲೂ ಹಬೆ. ಹಾಗಾಗಿ ಕರೆಂಟೆಂದರೆ ಅವರಿಗೆ ಭಯಭಕ್ತಿ. ಯಾರ ಮನೆಗೆ ಹೋದರೂ ಮೊದಲು ಮೀಟರಿನ ಪಕ್ಕದ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವರು. ಚಟ್ನಿ ರುಬ್ಬಬೇಕು ಮಾಮ ಎಂದು ಗೋಗರೆದರೂ ಕೆಲಸ ಮುಗಿಯುವ ತನಕ ಕೊಡುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಅದು ನಡೆಯುತ್ತಿರಲಿಲ್ಲ. ಅತ್ತೆಯ ಶ್ವಾಸಕೋಶ ಕೆಟ್ಟಿತ್ತು, ಹಗಲೂ ರಾತ್ರಿ ಆಕ್ಸಿಜನ್ ಮಷಿನ್ ಓಡಬೇಕಿತ್ತು. ಕೆಲವು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ಅವರ ಹಾಸಿಗೆಯ ಬಟ್ಟೆಯನ್ನು ದಿನಕ್ಕೆ ನಾಲ್ಕು ಸಲ ಬದಲಿಸುತ್ತಿದ್ದೆ. ಒದ್ದೆ ಬಟ್ಟೆ ಮನೆಯೊಳಗೆ ಹರವಬೇಡಿ, ಅವರ ಎದೆಗೆ ಆಗದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಗಂಡನ ತಂಗಿ ತಾನು ಬಳಸಿದ್ದ ಡ್ರೈಯರ್ ಕಳಿಸಿದಳು. ಬಟ್ಟೆಯ ನೀರನ್ನು ಬಿಸಿಗಾಳಿಯಲ್ಲಿ ಹೀರಿ, ತಣಿಸಿ, ಒಳಗಿನ ಡಬ್ಬಿಗೆ ತುಂಬಿಕೊಳ್ಳುವಂಥದ್ದು. ಹಾಕಿದ ಹತ್ತು ನಿಮಿಷಕ್ಕೆ ಟಪ್ಪೆಂದು ಇಡೀ ಮನೆಯ ಕರೆಂಟು ಹೋಯಿತು. ಅತ್ತೆಯ ಮಷಿನ್ ಕೀ ಎಂದು ಅರಚಿ ನಿಂತಿತು. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು, ಟ್ರಿಪ್ಪರ್, ಅದನ್ನು ನಾನು ಓಡಿ ಎತ್ತುವಷ್ಟರಲ್ಲಿ ಅವರು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರು.

ಮಾಮ ಬಂದರು. ಅತ್ತೆಗೆ ಆಪತ್ತಿಗೆಂದು ಇಟ್ಟಿದ್ದ ಸಣ್ಣ ಆಕ್ಸಿಜನ್ ಸಿಲಿಂಡರ್ ಹಾಕಿಸಿ, ಡ್ರೈಯರನ್ನು ಮೊದಲು ಬರೀ ತಣ್ಣನೆ ಗಾಳಿಯಲ್ಲಿ ಓಡಿಸಿದರು. ಏನೂ ಆಗಲಿಲ್ಲ. ಬಿಸಿ ಹಾಕಿದರು, ಸ್ವಲ್ಪ ಹೊತ್ತಿಗೆ ಟಪ್. ಹಿಂದಿನ ತಗಡು ಬಿಚ್ಚಿದರೆ, ಬಟ್ಟೆಯ ಜುಂಗು ನೀರು ಹೋಗುವ ದಾರಿ ಮುಚ್ಚಿ, ನೀರು ಹೀಟರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಜುಂಗು ತೆಗೆದರು, ಸವೆದಿದ್ದ ಪ್ಲಗ್ಗಿಗೆ ಬದಲಾಗಿ ಹೊಸದು ಕೂರಿಸಿದರು.

"ಹೀಟರಿಂದ ಕರೆಂಟು ಸೋರ್ತೈತಮ್ಮ, ಹೊಸದು ಬೆಂಗಳೂರಿಂದ ತರಿಸ್ತೀನಿ. ಅಲ್ಲೀಗಂಟ ಇದನ್ನ ಹಾಕಬೇಡಿ. ಟ್ರಿಪ್ಪರ್ ಬೀಳ್ತದಲ್ಲ, ನಿಮ್ಮನ್ನ ಉಳಿಸಕ್ಕೇ ಬೀಳೋದು," ಎಂದರು.

ನಾಲ್ಕು ದಿನ ಮುಟ್ಟಲಿಲ್ಲ. ಐದನೆಯ ದಿನ ಮನೆಯಲ್ಲಿ ಒಣ ಬಟ್ಟೆ ಒಂದೂ ಇರಲಿಲ್ಲ. ಫೋನಿನಲ್ಲಿ ಹುಡುಕಿದಾಗ ಒಬ್ಬ ಪುಣ್ಯಾತ್ಮನ ವಿಡಿಯೋ ಸಿಕ್ಕಿತು: ಪ್ಲಗ್ಗಿನೊಳಗಿನ ಹಸಿರು ವೈರು ಬಿಚ್ಚಿಬಿಡಿ, ಟ್ರಿಪ್ ಆಗುವುದಿಲ್ಲ. ಗಂಡ ಆಫೀಸಿಗೆ ಹೋಗಿದ್ದರು. ಬಿಚ್ಚಿದೆ, ಮುಚ್ಚಳ ಮತ್ತೆ ಹಾಕಿದೆ. ನಿಜಕ್ಕೂ ಟ್ರಿಪ್ ಆಗಲಿಲ್ಲ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮೂರು ದಿನ ಅತ್ತೆ ಒಣ ಬಟ್ಟೆಯ ಮೇಲೆ ಬೆಚ್ಚಗೆ ಮಲಗಿದರು.

ಭಾನುವಾರ ಬೆಳಿಗ್ಗೆ ಮಾಮ ಹೀಟರ್ ಹಿಡಿದು ಬಂದರು. ಗಂಡನೂ ಮನೆಯಲ್ಲಿದ್ದರು. ಡ್ರೈಯರ್ ಓಡುತ್ತಿತ್ತು. ಬಚ್ಚಲಿನಿಂದ ಬರಿಗಾಲಲ್ಲಿ ಬಂದವಳು ಒದ್ದೆ ಕೈಯನ್ನು ಅದರ ಬಾಗಿಲಿಗೆ ಚಾಚಿದ್ದೆ.

"ಮುಟ್ಟಬೇಡ!"

ಮಾಮ ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ. ನನ್ನನ್ನು ಹಿಂದಕ್ಕೆ ಸರಿಸಿ ಟೆಸ್ಟರನ್ನು ಮಷಿನ್ನಿನ ಮೈಗೆ ತಾಗಿಸಿದರು. ದೀಪ ಹತ್ತಿತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದೇ ಆ ಹಸಿರು ವೈರಂತೆ. ಅದಿಲ್ಲದಿದ್ದರೆ ಕರೆಂಟು ಮಷಿನ್ನಿನ ಮೈಯಲ್ಲೇ ನಿಂತು, ಮುಟ್ಟಿದವರ ಮೂಲಕ ಇಳಿಯುವುದಂತೆ. ಮೂರು ದಿನ ನನ್ನನ್ನು ಕಾಪಾಡಿದ್ದು ಕಾಲಲ್ಲಿದ್ದ ರಬ್ಬರ್ ಚಪ್ಪಲಿ.

ಅವರು ಪ್ಲಗ್ಗು ಬಿಚ್ಚಿದರು. ಹಸಿರು ವೈರು ಪಕ್ಕಕ್ಕೆ ಬಿದ್ದಿತ್ತು. ಮಾಮನ ಮುಖ ಬಿಳುಚಿಕೊಂಡಿತು.

"ಅಯ್ಯೋ ದೇವುಡಾ... ನಾನೇ ಸ್ಕ್ರೂ ಬಿಗೀದೆ ಹೋಗ್ಬಿಟ್ನಾ?"

"ಏನ್ ಮಾಮ, ಮನೇಲಿ ಹುಷಾರಿಲ್ದೋರು ಇದ್ದಾರೆ ಅಂತ ಗೊತ್ತಿದ್ದೂ ಹಿಂಗಾ ಮಾಡೋದು?" ಗಂಡ ಸಿಡುಕಿದರು.

ಆಗ ನಾನು ಬಾಯಿ ಬಿಡಬೇಕಿತ್ತು. ಅಮ್ಮನಿರುವ ಮನೆಯಲ್ಲಿ ಇಂಥ ಕೆಲಸ ಮಾಡಿದೆಯಾ ಎಂದು ಗಂಡ ಕೇಳಿದರೆ ಏನು ಹೇಳಲಿ? ಕರೆಂಟಿನ ಭಯಕ್ಕಿಂತ ಆ ಭಯವೇ ದೊಡ್ಡದಾಯಿತು. ಸುಮ್ಮನೆ ನಿಂತೆ. ಬಳಸಬೇಡಿ ಅಂದಿದ್ದೆನಲ್ಲ ಎಂದು ಕೂಡ ಮಾಮ ಅನ್ನಲಿಲ್ಲ. ಹೀಟರ್ ಕೂರಿಸಿ, ಪ್ಲಗ್ಗನ್ನು ಮೂರು ಸಲ ಬಿಚ್ಚಿ ನೋಡಿ, ನನಗೆ ಕೈಮುಗಿದರು. "ತಪ್ಪಾಯ್ತು ತಾಯಿ."

ಆಮೇಲೆ ಅವರು ಯಾರ ಮನೆಯ ಕೆಲಸಕ್ಕೂ ಹೋಗಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದರೆಂದು ಕೇಳಿದೆ. ಕಣ್ಣು ಚೆನ್ನಾಗಿಯೇ ಇದೆ ಎಂದರಂತೆ ಡಾಕ್ಟರು. ಹಾಗಾದರೆ ತಲೆಯೇ ಕೆಟ್ಟಿರಬೇಕು ಎಂದುಕೊಂಡು ಸಾದಲಿಗೆ ಹೋಗಿ ಕೂತುಬಿಟ್ಟರು. ಹೋಗಿ ನಿಜ ಹೇಳಿ ಬರೋಣ ಎಂದು ಎಷ್ಟೋ ಸಲ ಹೊರಟೆ... ಹೋಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡಾಗ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಒಂದು ಮನೆ ಹೆಣ್ಮಗಳನ್ನ ಕೊಂದೇ ಬಿಡ್ತಿದ್ದೆ ಅಂತ ಕೊನೇಗಂಟ ಕೊರಗ್ತಿದ್ರಮ್ಮ." ಅಳಬೇಡಿ ಎಂದೆ. ಅಷ್ಟೇ ಹೇಳಿ ಎದ್ದು ಬಂದೆ.

ಅತ್ತೆಯೂ ಈಗಿಲ್ಲ. ಗಂಡ ಹಜಾರದಲ್ಲಿ ಪೇಪರ್ ಓದುತ್ತಿದ್ದಾರೆ. ಬರೆದ ಇದನ್ನು ಮೊದಲು ಅವರ ಕೈಗೇ ಕೊಡುತ್ತೇನೆ, ಆಮೇಲೆ ಮಾಮನ ಹೆಂಡತಿಗೆ ಹೇಳಲು ಸಾದಲಿಯ ಬಸ್ಸು ಹತ್ತುತ್ತೇನೆ. ಭಯ ಈಗಲೂ ಇದೆ. ಆದರೆ ಯಾರು ಕೇಳಬೇಕಿತ್ತೋ ಅವರೇ ಇಲ್ಲ. ಆ ಸ್ಕ್ರೂ ಬಿಗಿಯಾಗಿಯೇ ಇತ್ತು ಮಾಮ. ಬಿಚ್ಚುವಾಗ ನನ್ನ ಮಣಿಕಟ್ಟು ನೊಂದಿತ್ತು.