ಶಿವು ತುಂಬಿಸಿಟ್ಟ ಬ್ಯಾಟರಿ

ಗೆಳೆಯ ಶಿವುನ ಹೆಂಡತಿ, ನಮ್ಮ ವೈನಿ, ಮಗಳ ಅಂಗಿಗಳ ನಡುವಿನಿಂದ ಆ ಬ್ಯಾಟರಿ ತೆಗೆದುಕೊಟ್ಟಾಗ ನನ್ನ ಕೈ ಹಿಂದೆ ಸರಿಯಿತು. ಅದು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು.

ಅಕ್ಕೋಳದ ಬಯಲಲ್ಲಿ ನಾನೂ ಶಿವುನೂ ರಿಮೋಟ್ ಹೆಲಿಕಾಪ್ಟರ್ ಹಾರಿಸುತ್ತಿದ್ದೆವು. ಈ ಬ್ಯಾಟರಿ ಅವನ ಹೆಲಿಕಾಪ್ಟರಿನದು. ಅವನು ಅಪಘಾತದಲ್ಲಿ ತೀರಿಕೊಂಡು ವರ್ಷವಾಗಿತ್ತು.

"ಆವತ್ತ ಮುಂಜಾನೆ ಅವರ ತುಂಬಿಸಿ ಇಟ್ಟಿದ್ರು. ನಾ ಮುಟ್ಟೇ ಇಲ್ರಿ," ಎಂದರು ವೈನಿ.

ಮೀಟರ್ ಹಚ್ಚಿದೆ. ಒಳಗಿನ ಮೂರೂ ಸೆಲ್‌ಗಳ ವೋಲ್ಟೇಜ್ ಇನ್ನೂ ಸಮನಾಗಿತ್ತು. ಅವು ಸಮವಾಗುವ ತನಕ ಶಿವು ಚಾರ್ಜರ್ ಬಿಟ್ಟು ಏಳುತ್ತಿರಲಿಲ್ಲ. "ನನ್ನ ಮಾರಿ ಒಮ್ಮೆರ ಹಿಂಗ ನೋಡೀರೇನ್ರಿ?" ಎಂದು ವೈನಿ ಕಾಡುತ್ತಿದ್ದರು. ಆದರೆ ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ ಈ ಬ್ಯಾಟರಿ ಕೆಡುತ್ತದೆ. ಉಬ್ಬಿದ್ದು ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು.

"ಖಾಲಿ ಮಾಡಬೇಕ್ರಿ ವೈನಿ. ಮಗಳು ಇದ ಖೋಲ್ಯಾಗ ಮಲಗತಾಳ."

"ಅವರ ಕೈಲೆ ಆದದ್ದು ಇದೊಂದ ಉಳದೈತ್ರಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಅಂಗಳಕ್ಕೆ ಮರಳಿನ ಬುಟ್ಟಿ ತಂದಿಟ್ಟರು.

ಮರಳ ಮೇಲೆ ಬ್ಯಾಟರಿ ಇಟ್ಟು ಬೈಕಿನ ಬಲ್ಬ್ ಜೋಡಿಸಿದೆ. ಶಿವು ತುಂಬಿಸಿದ್ದು ಬೆಳಕಾಗಿ ಉರಿಯತೊಡಗಿತು. ಚಹಾ ಮಾಡ್ತೀನಿ ಎಂದ ವೈನಿ ಏಳಲೇ ಇಲ್ಲ.

ನನ್ನ ನೆನಪಿನಲ್ಲಿ ಅದು ಸಂಜೆ. ವೈನಿ ಮಧ್ಯಾಹ್ನ ಎನ್ನುತ್ತಾರೆ. ಬಲ್ಬ್ ಆರಿದ್ದನ್ನು ಕಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಕೊನೆಯಲ್ಲಿ ನಾವಿಬ್ಬರೂ ಬೇರೆ ಕಡೆ ನೋಡುತ್ತ ಕೂತಿದ್ದೆವು.