ತರಕಾರಿ ಅಣ್ಣ

ಬಾಳೆಕಾಯಿ ಹೆಚ್ಚಿ ಹೆಚ್ಚಿ ಅವರ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಲಿಂಬೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಎಂಬತ್ತರ ದಶಕದ ಕೊನೆಗೆ, ಒಮಾನಿನ ಇಬ್ರಾ ಪಟ್ಟಣದ ಹತ್ತಿರದ ರಸ್ತೆ ಕಂಪೆನಿಯೊಂದರ ಕ್ಯಾಂಪಿನಲ್ಲಿ ಅವರು ಮೆಸ್ಸಿನ ಅಡುಗೆಯವರು, ನಾನು ಗುಮಾಸ್ತ. ಇಬ್ಬರೂ ಉಡುಪಿ ಕಡೆಯವರು. ಸಂತೆಯಿಂದ ತರಕಾರಿ ತರುವುದೂ ಅವರೇ. ಬೆಂಡೆಕಾಯಿಯ ತುದಿ ಮುರಿದು ನೋಡದೆ ಒಂದನ್ನೂ ಕೊಳ್ಳುವವರಲ್ಲ. ಅಂಗಡಿಯವ ರೇಗಿದರೆ ನಕ್ಕು ಇನ್ನೊಂದನ್ನು ಮುರಿಯುವರು. ಹಾಗಾಗಿ ನಮಗೆಲ್ಲ ಅವರು ‘ತರಕಾರಿ ಅಣ್ಣ’.

ಕ್ಯಾಂಪಿಗೆ ಫಿನ್ಲೆಂಡಿನ ಎಂಜಿನಿಯರೊಬ್ಬ ಬಂದ. ಮೊದಲ ದಿನವೇ ‘ತರಕಾರಿ ಅಣ್ಣ’ ಎಂಬ ನಮ್ಮ ಕೂಗು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಕಿವಿಗೆ ಬಿದ್ದದ್ದು ‘ಟ್ರೊಕಾರಿ’. ಅವನ ದೇಶದಲ್ಲಿ ಹಾಗೆಂದರೆ ಕದ್ದುಮುಚ್ಚಿ ಸಾರಾಯಿ ಮಾರುವವನಂತೆ! ಅದು ಎಲ್ಲಿಂದಲೋ ಬಂದ ಮಾತು, ಮೂಲದಲ್ಲಿ ಒಂದು ಕೊಟ್ಟು ಇನ್ನೊಂದು ತೆಗೆದುಕೊಳ್ಳುವುದು ಎಂದಷ್ಟೇ ಅರ್ಥವಿರಬೇಕು ಎಂದೂ ಹೇಳಿದ. ಅಂದಿನಿಂದ ಕ್ಯಾಂಪಿಗೆಲ್ಲ ಅದೇ ತಮಾಷೆ. ಅಣ್ಣನೂ ನಕ್ಕರು. ನನಗೆ ಮಾತ್ರ ಆ ತಮಾಷೆ ಹಿಡಿಸಲಿಲ್ಲ.

ಯಾಕೆಂದರೆ ಕ್ಯಾಂಪಿನ ಟ್ರೊಕಾರಿ ನಾನೇ. ಮಸ್ಕತ್ತಿನಲ್ಲಿ ಮದ್ಯ ಕೊಳ್ಳುವ ಪರ್ಮಿಟ್ ಇದ್ದವರಿಂದ ಬಾಟಲಿ ತಂದು, ಮೆಸ್ಸಿನ ಅಕ್ಕಿಮೂಟೆಗಳ ಹಿಂದೆ ಅಡಗಿಸಿ, ಕೆಲಸಗಾರರಿಗೆ ಮಾರುತ್ತಿದ್ದೆ. ಅಣ್ಣನಿಗೆ ಗೊತ್ತಿತ್ತು. “ಇದೆಲ್ಲ ಬೇಡ ಮಾರಾಯಾ, ಸಿಕ್ಕಿಬಿದ್ರೆ ಖಲಾಸ್” ಎಂದು ಬೈಯುತ್ತಲೇ ಇದ್ದರು. ನಾನು ಕೇಳಬೇಕಲ್ಲ!

ಒಂದು ಶುಕ್ರವಾರ ಬೆಳಿಗ್ಗೆ ಪೊಲೀಸರು ಬಂದರು. ನೇರ ಮೆಸ್ಸಿಗೇ ನುಗ್ಗಿ ಮೂಟೆ ಎಳೆದರು. ಬಾಟಲಿಗಳು ಒಂದೊಂದಾಗಿ ಹೊರಬಂದವು. ಇದು ಯಾರದು ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ. ಕ್ಯಾಂಪ್ ಬಾಸ್ ಅಣ್ಣನತ್ತ ಬೆರಳು ತೋರಿಸಿದ. “ಇವನೇ ಸಾಬ್. ಫಿನ್ಲೆಂಡಿನ ಎಂಜಿನಿಯರ್ ಕೂಡ ಇವನನ್ನು ಸಾರಾಯಿ ಮಾರುವವನು ಅಂತಲೇ ಕರೆಯೋದು.”

ಅದು ತಮಾಷೆ ಎಂದು ಹೇಳಲು ಎಂಜಿನಿಯರ್ ಅಂದು ಕ್ಯಾಂಪಿನಲ್ಲಿರಲಿಲ್ಲ. ಹೇಳಬೇಕಾದವನು ನಾನು. ಬಾಯಿ ತೆರೆದೆ. ಅಣ್ಣ ಕನ್ನಡದಲ್ಲಿ ಗದರಿದರು: “ನೀನು ಸುಮ್ನಿರು. ನಿನ್ನ ಮಗುವಿಗೆ ಇನ್ನೂ ಹಲ್ಲು ಬರ್ಲಿಲ್ಲ. ನಂಗೆ ಯಾರುಂಟು?” ಅಧಿಕಾರಿಯ ಕಡೆ ತಿರುಗಿ, “ಹಾಂ ಸಾಬ್, ಮೇರಾ ಹೈ” ಎಂದರು.

ನಾನು ಸುಮ್ಮನಾದೆ. ಹೇಡಿ, ಹೇಡಿ! ಕೆಲವು ತಿಂಗಳು ಅವರನ್ನು ಜೈಲಿನಲ್ಲಿಟ್ಟು ಊರಿಗೆ ಅಟ್ಟಿದರು. ಮತ್ತೆ ಗಲ್ಫಿನ ಮುಖ ಅವರು ನೋಡಲಿಲ್ಲ.

ತೊಂಬತ್ತರ ದಶಕದಲ್ಲಿ, ನಾನು ರಜೆಗೆ ಊರಿಗೆ ಬಂದಿದ್ದಾಗ ಅವರು ತೀರಿಕೊಂಡರು. ಹೋದೆ. ಅಂಗಳದಲ್ಲಿ ಪಕ್ಕ ಕುಳಿತವರೊಬ್ಬರು ನನ್ನ ಕಿವಿಯಲ್ಲಿ, “ಪಾಪ, ಒಳ್ಳೆ ಜನ. ಗಲ್ಫಲ್ಲಿ ಕಳ್ಳ ಸಾರಾಯಿ ಮಾರಿ ಹಾಳಾದ್ರು, ಅಲ್ವಾ?” ಎಂದರು.

ನಾನು ಹೌದೆಂದು ತಲೆಯಾಡಿಸಿದೆ.