ಇನ್ನು ಸಾಯುವುದಿಲ್ಲ ಎಂದಿದ್ದ ಗುರಪ್ಪಣ್ಣ

ನಂಬಲು ಆಗುತ್ತಿಲ್ಲ...
ಗುರಪ್ಪಣ್ಣ ಇಲ್ಲವಂತೆ.
ಇಲ್ಲ ಎಂದರೆ ಹೇಗೆ? ಮೊನ್ನೆ ಮೊನ್ನೆ ಇದೇ ಬೆಂಚಿನ ಮೇಲೆ ಕೂತು, ನನ್ನ ಪಾಲಿನ ಚಹಾವನ್ನೂ ಕುಡಿದು ಹೋದವರು...

ಗೆಳೆಯರೇ, ಇದನ್ನು ಬರೆದು ಪುಣೆಯ ನಮ್ಮ ವಾಚನಾಲಯದ ಬೋರ್ಡಿಗೆ ಅಂಟಿಸುತ್ತಿದ್ದೇನೆ.
ಬಂದವರು ಓದಿ, ಬಾರದವರಿಗೆ ಹೇಳಿ.
ವಿಷಮಶೀತ ಜ್ವರ. ಇಂದು ಬೆಳಗಿನ ಜಾವ ಹೋದರು.

ನನಗೆ ಯಾಕೆ ನಂಬಿಕೆ ಬರುತ್ತಿಲ್ಲ ಎಂದರೆ...
ಗುರಪ್ಪಣ್ಣ ಸತ್ತು ಬಿದ್ದದ್ದನ್ನು ನಾನು ಮೊದಲೂ ನೋಡಿದ್ದೇನೆ.
ನೋಡಿದ್ದಷ್ಟೇ ಅಲ್ಲ, ಫೋಟೋ ತೆಗೆದಿದ್ದೇನೆ.

ಜಪಾನಿನ ಜೊತೆಗಿನ ಯುದ್ಧ ಮುಗಿಯುವ ತನಕ ನಾವಿಬ್ಬರೂ ಒಂದೇ ನ್ಯೂಸ್ ಏಜೆನ್ಸಿಯಲ್ಲಿದ್ದೆವು. ಬ್ರಿಟಿಷ್ ಸರ್ಕಾರದ ಪರವಾದ ಏಜೆನ್ಸಿ.
ನಮ್ಮ ಸುದ್ದಿಯಲ್ಲಿ ನಮ್ಮವರು ಎಂದೂ ಸೋಲುತ್ತಿರಲಿಲ್ಲ.
ಬರ್ಮಾದಿಂದ ಬಂದ ತಂತಿ ಸುದ್ದಿಗಳನ್ನು ಗುರಪ್ಪಣ್ಣ ಕನ್ನಡಕ್ಕೆ ಇಳಿಸುತ್ತಿದ್ದರು. ಫೋಟೋ ನನ್ನ ಕೆಲಸ.
ರಣರಂಗದ ಚಿತ್ರ ಬರುವುದು ತಡವಾದರೆ ಏಜೆನ್ಸಿಯ ಸಾಹೇಬರು ನಮ್ಮನ್ನು ಊರ ಹೊರಗಿನ ಕಾತ್ರಜ್ ಘಾಟಿಗೆ ಓಡಿಸುತ್ತಿದ್ದರು.
ಅಲ್ಲಿಯ ಪೊದೆಗಳೇ ಬರ್ಮಾ.
ಬೋರಲು ಮಲಗಿದ ಗುರಪ್ಪಣ್ಣನೇ ಸತ್ತ ಜಪಾನಿ...
ಯೂನಿಫಾರ್ಮ್ ಹೇಗೋ ಹೊಂದಿಸಿದ್ದೆವು. ಬೂಟು ಸಿಗದೆ ಬರಿಗಾಲು. ಇರುವೆ ಕಚ್ಚಿದರೆ ಹೆಣವೇ ಬೈಯುತ್ತಿತ್ತು.
"ಏಳ್ರಿ ಅಣ್ಣಾ, ಮುಗೀತು" ಅಂದರೆ ಸಾಕು, ಎದ್ದು ಮೈ ಕೊಡವಿಕೊಂಡು ಚಹಾ ಎಲ್ಲಿ ಎಂದು ಕೇಳುತ್ತಿದ್ದರು.

ಅಂಥ ಒಂದು ಫೋಟೋ ಪೇಪರಿನಲ್ಲಿ ಅಚ್ಚಾಗಿ ಗುರಪ್ಪಣ್ಣನ ಊರು ಧಾರವಾಡ ಮುಟ್ಟಿತು.
ಕಿರಾಣಿ ಅಂಗಡಿಯವನು ಆ ಪೇಪರಿನಲ್ಲೇ ಬೆಲ್ಲ ಕಟ್ಟಿಕೊಟ್ಟಿದ್ದ.
ಗುರಪ್ಪಣ್ಣನ ತಾಯಿ ನೀಲವ್ವನಿಗೆ ಓದಲು ಬಾರದು. ಕಾಲು ನೋಡಿದರು.
ಎಡಗಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿತ್ತು, ಮಗನ ಕಾಲಿನಲ್ಲಿ ಇದ್ದಂತೆಯೇ...
ಇವ ಜಪಾನಿ ಎಂದು ಓಣಿಯವರು ಎಷ್ಟು ಓದಿ ಹೇಳಿದರೂ ಕೇಳಲಿಲ್ಲ. ಅಳುತ್ತಲೇ ರೈಲು ಹತ್ತಿ ಪುಣೆಗೆ ಬಂದರು.
ಬಾಗಿಲು ತೆಗೆದದ್ದು ಮಗನೇ.
ನೀಲವ್ವ ಅವರ ಬೆನ್ನಿಗೆ ಒಂದು ಗುದ್ದಿದರು. ಆಮೇಲೆ ಮಗನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತರು.
ಹೊರಡುವಾಗ ನನಗೆ ಹೇಳಿದ್ದು ಇಷ್ಟು: "ಇನ್ನ ಇವ ಸತ್ತಾನಂತ ಯಾರು ಹೇಳಿದ್ರೂ ನಾ ನಂಬಂಗಿಲ್ಲಪಾ. ಕಾಲು ಮುಟ್ಟಿ ನೋಡೇ ನಂಬಾಕಿ."

ಗುರಪ್ಪಣ್ಣಾ...
ಮರುದಿನ ನೀವು ಸಾಹೇಬರ ಮುಂದೆ ನಿಂತು ಹೇಳಿದ್ದು ನೆನಪಿದೆಯಾ?
"ಇನ್ಮ್ಯಾಲೆ ನಾ ಸಾಯಂಗಿಲ್ರಿ."
ನಿಮ್ಮ ಕೆಲಸ ಹೋಯಿತೆಂದೇ ನಾನು ತಿಳಿದೆ. ಸಾಹೇಬರು ಗುರುಗುಟ್ಟಿ ಸುಮ್ಮನಾದರು. ಕನ್ನಡ ಬರೆದುಕೊಡಲು ಅವರಿಗೆ ಬೇರೆ ಯಾರಿದ್ದರು?
ಅಂದಿನಿಂದ ಬರ್ಮಾದ ನಿಜವಾದ ಹೆಣಗಳ ಫೋಟೋ ಬಂದರೆ ನೀವು ಮೊದಲು ಕಾಲು ನೋಡುತ್ತಿದ್ದಿರಿ.
ಶತ್ರುವಿನ ಕಾಲು...
"ಇವಂಗೂ ಒಬ್ಬಾಕಿ ಅವ್ವ ಇರ್ತಾಳಲ್ಲೋ" ಎಂದು ಆ ಭಾಗವನ್ನು ಕತ್ತರಿಯಿಂದ ಕತ್ತರಿಸಿಯೇ ಪ್ರೆಸ್ಸಿಗೆ ಕೊಡುತ್ತಿದ್ದಿರಿ.
ಆ ಪೇಪರ್ ಜಪಾನಿಗೆ ಎಲ್ಲಿ ಹೋಗಬೇಕು ಎಂದು ನಾನು ನಗುತ್ತಿದ್ದೆ. ನಿಮಗೆ ಸಿಟ್ಟು ಬರುತ್ತಿತ್ತು.
ಅಣ್ಣಾ, ನಿಮ್ಮಷ್ಟು ಮೆತ್ತನೆಯ ಮನುಷ್ಯನನ್ನು ನಾನು ಕಂಡಿಲ್ಲ. ಇದನ್ನು ನಿಮ್ಮೆದುರು ಹೇಳಬೇಕಿತ್ತು...

ಇಂದು ನಿಮ್ಮ ಖೋಲಿಯಲ್ಲಿ, ಹಾಸಿಗೆಯ ಪಕ್ಕ ನಿಂತಾಗ, ಹಳೆಯ ಅಭ್ಯಾಸ ನೋಡಿ, ಬಾಯಿಗೆ ಬಂದೇ ಬಿಟ್ಟಿತು.
"ಏಳ್ರಿ ಅಣ್ಣಾ, ಮುಗೀತು."
ನೀವು ಏಳಲಿಲ್ಲ.

ಗೆಳೆಯರೇ,
ಧಾರವಾಡಕ್ಕೆ ತಂತಿ ಕೊಟ್ಟೆ. ಕೆಳಗೆ ನನ್ನದೇ ಹೆಸರು, ಆ ಸುಳ್ಳು ಫೋಟೋ ತೆಗೆದವನದು.
ಈಗಷ್ಟೇ ಪಕ್ಕದ ಮನೆಯವರಿಂದ ಉತ್ತರ ಬಂದಿದೆ. ನೀಲವ್ವ ಗಾಡಿ ಹತ್ತಿದ್ದಾರೆ. ನಂಬಿಲ್ಲ. ಮಗನಿಗೆಂದು ಶೇಂಗಾ ಉಂಡಿ ಕಟ್ಟಿಕೊಂಡಿದ್ದಾರೆ...

ನಾಳೆ ಮುಂಜಾನೆ ಯಾರಾದರೂ ನನ್ನ ಜೊತೆ ಸ್ಟೇಷನ್ನಿಗೆ ಬನ್ನಿ. ನನ್ನೊಬ್ಬನಿಂದ ಆಗದು.

ಗುರಪ್ಪಣ್ಣಾ, ನಿಮ್ಮ ಕಾಲಿಗೆ ನಾವು ಹೊದಿಸಿಲ್ಲ.
ಅವ್ವ ಬಂದು ಮುಟ್ಟುವ ತನಕ ಇಲ್ಲೇ ಇರಿ...
ಆಮೇಲೆ ನಿಮ್ಮ ಜೀವ ನೆಮ್ಮದಿಯಾಗಿ ಹೋಗಲಿ.